ನೆಲ್ಲು ಬಿಡಿ ಅಂತಾರೆ, ಬಿಟ್ಟರೆ ಕೊಳ್ಳುವವರು ಯಾರು?

ಪ್ರಶ್ನೆ: ಸರ್, ನಾನು ಮಾನ್ವಿ ತಾಲ್ಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮದು 5 ಎಕರೆ ಇದೆ. ಜೊತೆಗೆ 4 ಎಕರೆ ಲೀಸಿಗೆ ಮಾಡುತ್ತೇನೆ. ಎಲ್ಲಾ ನೆಲ್ಲು. ಪ್ರತಿ ಸಭೆಯಲ್ಲೂ ‘ನೆಲ್ಲು ಬಿಡಿ, ಯೂರಿಯಾ ಕಡಿಮೆ ಮಾಡಿ, ಹವಾಮಾನಕ್ಕೆ ಒಗ್ಗುವ ಬೇಸಾಯ ಮಾಡಿ’ ಎನ್ನುತ್ತಾರೆ. ತಪ್ಪೆಲ್ಲಾ ರೈತನದೇ ಅನ್ನುವ ಹಾಗೆ ಮಾತಾಡುತ್ತಾರೆ. ಸರ್ಕಾರದ ನೀತಿ ಬದಲಾಗದೆ ನಾನೊಬ್ಬ ಬದಲಾದರೆ ಏನು ಪ್ರಯೋಜನ? ನಿಜವಾಗಿ ಬದಲಾಗಬೇಕಾದ್ದು ಯಾವುದು? ಅದಕ್ಕೆ ನಮ್ಮಂಥವರು ಏನು ಮಾಡಬಹುದು?

ಉತ್ತರ: ತಪ್ಪೆಲ್ಲಾ ರೈತನದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ, ಈ ಅಚ್ಚುಕಟ್ಟಿನಲ್ಲೇ ಮಣ್ಣು-ನೀರಿನ ಕೆಲಸ ಮಾಡುತ್ತಾ ನನ್ನ ಕೆಲಸದ ಆಯುಷ್ಯ ಕಳೆದಿದೆ. ನೀವು ಹೇಳುವಂಥ ಸಭೆಗಳಲ್ಲಿ ನಾನೂ ಮಾತಾಡಿದ್ದೇನೆ. ಸಭೆ ಮುಗಿದ ಮೇಲೆ ರೈತರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಸರ್, ಜೋಳ ಹಾಕ್ತೀವಿ. ತಗೊಳ್ಳೋರು ಯಾರು?’ ಆ ಪ್ರಶ್ನೆಗೆ ಸರಿಯಾದ ಉತ್ತರ ನಮ್ಮ ಹತ್ತಿರ ಇರುತ್ತಿರಲಿಲ್ಲ.

ರೈತ ಯಾವ ಬೆಳೆ ಹಾಕಬೇಕು ಅಂತ ತೀರ್ಮಾನ ಮಾಡುವಾಗ ಮೂರು ಸಂಗತಿ ನೋಡುತ್ತಾನೆ. ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ, ಕಾಲುವೆಗೆ ನೀರು ಯಾವಾಗ ಬರುತ್ತದೆ, ಗೊಬ್ಬರದ ಅಂಗಡಿಯಲ್ಲಿ ಯಾವುದು ಅಗ್ಗ. ಈ ಮೂರೂ ಬಹುಪಾಲು ಸರ್ಕಾರದ ಕೈಯಲ್ಲಿವೆ. ಮೂರೂ ಸೇರಿ ನಿಮ್ಮನ್ನು ನೆಲ್ಲಿನ ಕಡೆಗೇ ತಳ್ಳುತ್ತವೆ. ಆಮೇಲೆ ಅದೇ ಸರ್ಕಾರದ ಇನ್ನೊಂದು ಇಲಾಖೆಯವರು ಬಂದು ನೆಲ್ಲು ಬಿಡಿ ಅಂದರೆ ರೈತ ಹೇಗೆ ನಂಬಬೇಕು, ಅಲ್ವಾ?

ನನ್ನ ಮಾತು ಇಷ್ಟೇ. ಸುಧಾರಣೆಗೆ ಒಂದು ಸರದಿ ಇದೆ. ಮೊದಲು ಖರೀದಿ, ಆಮೇಲೆ ನೀರು, ಗೊಬ್ಬರ ಕೊನೆಗೆ. ಈ ಸರದಿ ತಪ್ಪಿದರೆ ನಷ್ಟ ರೈತನ ತಲೆಗೆ ಬರುತ್ತದೆ. ಇದುವರೆಗೆ ಆಗಿರುವುದು ಅದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಕೆಲಸಕ್ಕೆ ಬಂತು. ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸುಮಾರು 6 ಲಕ್ಷ ಎಕರೆಗೆ ನೀರು ಕೊಡಬೇಕು ಅಂತ ಲೆಕ್ಕ. ಈ ಯೋಜನೆಯ ಉದ್ದೇಶ ಬರದ ಸೀಮೆಯ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಒಣಗುವ ಹೊತ್ತಿನಲ್ಲಿ ನೀರು ಕೊಟ್ಟು ಕಾಪಾಡುವುದು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಗೊತ್ತುಮಾಡಿದ್ದರು. ನೆಲ್ಲಿಗೆ ಕೊಟ್ಟ ಪಾಲು ಚಿಕ್ಕದು. 1950-60ರ ದಶಕಗಳಲ್ಲಿ ಆಂಧ್ರದ ಕಡೆಯಿಂದ ಬಂದವರು ಕ್ಯಾಂಪ್‌ಗಳನ್ನು ಕಟ್ಟಿಕೊಂಡು, ಕಪ್ಪು ನೆಲವನ್ನು ಮಟ್ಟ ಮಾಡಿ ನೆಲ್ಲು ಬೆಳೆದರು. ಅವರ ಶ್ರಮ ದೊಡ್ಡದು. ಅವರನ್ನು ನೋಡಿ ನಮ್ಮವರೂ ಕಲಿತರು. ಕಾಲುವೆಯ ತಲೆ ಭಾಗದಲ್ಲಿ ನೀರು ಧಾರಾಳ ಇತ್ತು. ಯಾರೂ ತಡೆಯಲಿಲ್ಲ. ನಕಾಶೆಯಲ್ಲಿ ಜೋಳ ಅಂತ ಇದ್ದ ಹೊಲದಲ್ಲಿ ನೆಲ್ಲು ನಿಂತಿತು. ಹಾಗೆ ನಿಂತ ಪ್ರತಿ ಎಕರೆಗೂ ಕೊನೆ ಭಾಗದಲ್ಲಿ ಇನ್ನೊಬ್ಬರ ಹೊಲದ ನೀರು ಕಡಿಮೆಯಾಯಿತು.

ಇದರ ಲೆಕ್ಕವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. ನಿಲ್ಲಿಸಿದ ನೀರಿನಲ್ಲಿ ಬೆಳೆಯುವ ನೆಲ್ಲಿಗೆ ಒಂದು ಹಂಗಾಮಿಗೆ 1,200 ಮಿ.ಮೀ. ನೀರು ಅಂತ ಹಿಡಿಯೋಣ. ನಮ್ಮ ರಾಯಚೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಅಂದರೆ ಎರಡು ವರ್ಷದ ಮಳೆಯನ್ನು ಒಂದು ಬೆಳೆ ಕುಡಿಯುತ್ತದೆ. ಎಕರೆಗೆ ಇದು ಸುಮಾರು 48 ಲಕ್ಷ ಲೀಟರ್. ಒಂದು ಟಿಎಂಸಿ ನೀರು ಎಂದರೆ ಸುಮಾರು 2,831 ಕೋಟಿ ಲೀಟರ್. ಅದರಲ್ಲಿ 5,800 ಎಕರೆ ನೆಲ್ಲು ಬೆಳೆಯಬಹುದು. ಜೋಳಕ್ಕೆ 500 ಮಿ.ಮೀ. ಸಾಕು ಅಂತ ಹಿಡಿದರೆ ಅದೇ ಒಂದು ಟಿಎಂಸಿ 14,000 ಎಕರೆಗೆ ಆಗುತ್ತದೆ. ಕಾಲುವೆಯಲ್ಲಿ ಇಂಗಿಹೋಗುವ ನೀರನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಇನ್ನೊಂದು ಕಡೆ ಜಲಾಶಯವೇ ಕಿರಿದಾಗಿದೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳು ತುಂಬಿ 105 ಟಿಎಂಸಿಯ ಹತ್ತಿರಕ್ಕೆ ಇಳಿದಿದೆ. 2023ರಲ್ಲಿ ಮಳೆ ಕೈಕೊಟ್ಟು ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಮರುವರ್ಷ, 2024ರ ಆಗಸ್ಟ್ 10ರ ರಾತ್ರಿ, ತುಂಬಿದ ಡ್ಯಾಂನ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ವಾರ ನಿಮ್ಮ ಮನೆಯಲ್ಲಿ ನಿದ್ದೆ ಬಂದಿರಲಿಕ್ಕಿಲ್ಲ. ನನಗೂ ಬರಲಿಲ್ಲ. ಒಂದು ವರ್ಷ ಮಳೆಯೇ ಇಲ್ಲ, ಮರುವರ್ಷ ಒಂದೇ ಸಲಕ್ಕೆ ಪ್ರವಾಹ. ಮುಂದೆಯೂ ಮಳೆ ಹೀಗೇ ಬರುತ್ತದೆ ಅಂತ ತಿಳಿದೇ ನಾವು ನೀರಿನ ಲೆಕ್ಕ ಹಾಕಬೇಕು.

ಈಗ ಖರೀದಿಯ ಮಾತು. ಇದರ ಬಗ್ಗೆ ಜಾಸ್ತಿ ಹೇಳಬೇಕು. ಉಳಿದದ್ದೆಲ್ಲಾ ಇದರ ಮೇಲೆ ನಿಂತಿದೆ.

ನೆಲ್ಲಿಗೆ ನಮ್ಮಲ್ಲಿ ಒಂದು ಇಡೀ ವ್ಯವಸ್ಥೆ ಬೆಳೆದು ನಿಂತಿದೆ. ನಾಟಿಗೆ ಗುತ್ತಿಗೆ ಆಳು ಸಿಗುತ್ತಾರೆ. ಕೊಯ್ಲಿಗೆ ಮಷಿನ್ ಬರುತ್ತದೆ. ದಲ್ಲಾಳಿ ಹೊಲದ ದಂಡೆಗೇ ಲಾರಿ ತರುತ್ತಾನೆ. 75 ಕೆಜಿ ಚೀಲಕ್ಕೆ ಇವತ್ತಿನ ರೇಟ್ ಎಷ್ಟು ಅಂತ ಚಹಾದ ಅಂಗಡಿಯಲ್ಲೇ ಗೊತ್ತಾಗುತ್ತದೆ. ಗೊಬ್ಬರದ ಅಂಗಡಿಯವನು ಸಾಲ ಕೊಡುವುದೂ ನೆಲ್ಲನ್ನು ನಂಬಿ. ಜೋಳಕ್ಕೆ, ಸಜ್ಜೆಗೆ, ತೊಗರಿಗೆ ಇದರಲ್ಲಿ ಕಾಲು ಭಾಗದ ಅನುಕೂಲವೂ ಇಲ್ಲ.

ಕಾಗದದ ಮೇಲೆ ನೋಡಿದರೆ ಜೋಳ ಅಷ್ಟೇನೂ ಸೋತಿಲ್ಲ. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699 ರೂಪಾಯಿ. ಲೆಕ್ಕಕ್ಕೆ ಅಂತ ಎಕರೆಗೆ 35 ಚೀಲ ನೆಲ್ಲು ಹಿಡಿಯೋಣ. ಅದು 26 ಕ್ವಿಂಟಲ್ ಚಿಲ್ಲರೆ, ಸುಮಾರು 62,000 ರೂಪಾಯಿ. ನೀರಿನ ಆಸರೆ ಇರುವ ಜೋಳ 14 ಕ್ವಿಂಟಲ್ ಬಂದರೆ ಸುಮಾರು 51,800 ರೂಪಾಯಿ. ಸಸಿಮಡಿ, ಕೆಸರು ಹೊಡೆಯುವುದು, ನಾಟಿ ಕೂಲಿ, ಔಷಧಿ ಎಲ್ಲಾ ಕಳೆದರೆ ಅಂತರ ಬಹಳ ಕಡಿಮೆಯಾಗುತ್ತದೆ. ಕೆಲವು ಹೊಲದಲ್ಲಿ ಜೋಳವೇ ಮೇಲಾಗುತ್ತದೆ. ಆದರೆ ಇದೆಲ್ಲಾ ಸರ್ಕಾರ ನಿಜವಾಗಿ ಕೊಂಡರೆ ಮಾತ್ರ. ಖರೀದಿ ಕೇಂದ್ರ ತೆರೆಯುವುದು ಒಂದು ತಿಂಗಳು ತಡವಾಗಿ, ನೀವು ಕ್ವಿಂಟಲ್‌ಗೆ 1,000 ರೂಪಾಯಿ ಕಡಿಮೆಗೆ ವ್ಯಾಪಾರಿಗೆ ಹಾಕಿದರೆ ಎಕರೆಗೆ 14,000 ಹೋಯಿತು. ಅಲ್ಲಿಗೆ ಲೆಕ್ಕ ತಲೆಕೆಳಗಾಗುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮಾತು ಕೇಳಿ ಜೋಳ ಹಾಕಿದ್ದ ಒಬ್ಬ ರೈತರು ಒಂದು ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ನಾಲ್ಕು ದಿನ ಕಾದರು. ನೋಂದಣಿ ಮುಗಿದಿದೆ ಅಂದರು. ಆಮೇಲೆ ಗೋಣಿಚೀಲ ಬಂದಿಲ್ಲ ಅಂದರು. ಐದನೇ ದಿನ ಅವರು ಸಿಕ್ಕ ಬೆಲೆಗೆ ಮಾರಿ ಮನೆಗೆ ಹೋದರು. ಮರುವರ್ಷ ಅವರ ಹೊಲದಲ್ಲಿ ನೆಲ್ಲು ಇತ್ತು. ಅವರಿಗೆ ನಾನು ಏನೂ ಹೇಳಲಿಲ್ಲ. ಹೇಳುವ ಹಕ್ಕು ನನಗಿರಲಿಲ್ಲ.

ಹಾಗಾಗಿ ಮೊದಲ ಸುಧಾರಣೆ ಇದು: ಎಷ್ಟು ಜೋಳ, ಎಷ್ಟು ತೊಗರಿ, ಎಷ್ಟು ಸಜ್ಜೆ ಕೊಳ್ಳುತ್ತೇವೆ, ಯಾವ ಊರಲ್ಲಿ, ಯಾವ ತಾರೀಕಿನಿಂದ ಅನ್ನುವುದನ್ನು ಬಿತ್ತನೆಗೆ ಮುಂಚೆಯೇ ಹೇಳಬೇಕು. ಕೊಯ್ಲಾದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಕೊಂಡ ಜೋಳ ಹೋಗುವುದಕ್ಕೂ ದಾರಿ ಇದೆ. ಬೆಂಬಲ ಬೆಲೆಗೆ ಜೋಳ ಕೊಂಡು ನಮ್ಮ ಭಾಗದ ಪಡಿತರಕ್ಕೆ ಕೊಡುವ ಕ್ರಮ ಈಗಾಗಲೇ ಇದೆ. ಅದನ್ನು ಹಾಸ್ಟೆಲ್‌ಗಳಿಗೆ, ಅಂಗನವಾಡಿಗಳಿಗೆ ವಿಸ್ತರಿಸಬೇಕು. ನಮ್ಮ ಮಕ್ಕಳು ಮನೆಯಲ್ಲಿ ತಿನ್ನುವುದು ಜೋಳದ ರೊಟ್ಟಿ. ಹಾಸ್ಟೆಲ್‌ನಲ್ಲಿ ಅದೇ ರೊಟ್ಟಿ ಸಿಗುವಂತಾದರೆ ಮಾರುಕಟ್ಟೆ ಅಲ್ಲೇ ಹುಟ್ಟಿತು. ಒಡಿಶಾದಲ್ಲಿ 2017ರಿಂದ ಸಿರಿಧಾನ್ಯದ ಯೋಜನೆ ನಡೆದದ್ದು ಹೀಗೆ. ಬೀಜ ಕೊಟ್ಟು ಸುಮ್ಮನಾಗಲಿಲ್ಲ. ಬೆಂಬಲ ಬೆಲೆಗೆ ರಾಗಿ ಕೊಂಡರು, ಪಡಿತರಕ್ಕೆ ಹಾಕಿದರು, ಅಂಗನವಾಡಿ ಮಕ್ಕಳಿಗೆ ರಾಗಿ ಲಾಡು ಕೊಟ್ಟರು. ನಮ್ಮ ರಾಜ್ಯದ ರೈತ ಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವುದು ಒಳ್ಳೆಯದೇ. ಆದರೆ ಬೆಳೆಯಲು ಕೊಡುವ ದುಡ್ಡಿಗಿಂತ, ಬೆಳೆದದ್ದನ್ನು ಕೊಳ್ಳುವ ಭರವಸೆ ದೊಡ್ಡದು. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಅಂತ ಪ್ರತ್ಯೇಕ ಮಂಡಳಿ ಇದೆ, ಅದಕ್ಕೆ ದುಡ್ಡೂ ಇದೆ. ಅದರಲ್ಲಿ ಹೋಬಳಿಗೊಂದು ಗೋದಾಮು, ಕಾಳು ಒಣಗಿಸುವ ಕಣ, ತೊಗರಿಗೆ ಬೇಳೆ ಮಾಡುವ ಮಿಲ್ ಕಟ್ಟಿದರೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಹರಿಯಾಣದಲ್ಲಿ 2020ರಲ್ಲಿ ನೆಲ್ಲು ಬಿಟ್ಟು ಬೇರೆ ಬೆಳೆ ಹಾಕಿದವರಿಗೆ ಎಕರೆಗೆ 7,000 ರೂಪಾಯಿ ಕೊಡುವ ಯೋಜನೆ ತಂದರು. ನಮ್ಮಲ್ಲೂ ಅಂಥದ್ದು ಬೇಕು ಅಂತ ಕೇಳುವವರಿದ್ದಾರೆ. ನಾನು ಬೇಡ ಅನ್ನುವುದಿಲ್ಲ. ಆದರೆ ಒಂದು ಎಚ್ಚರಿಕೆ ಇದೆ. ಅದು ನಿಮ್ಮ ಆ 4 ಎಕರೆಯ ವಿಷಯ.

ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಗೆ ಬಹುತೇಕ ಅವಕಾಶವಿಲ್ಲ. ಆದರೆ ನಮ್ಮ ಅಚ್ಚುಕಟ್ಟಿನಲ್ಲಿ ಲೀಸಿಗೆ ಮಾಡುವವರು ಎಷ್ಟು ಜನ ಅಂತ ನಿಮಗೆ ಗೊತ್ತಿದೆ. ಎಲ್ಲಾ ಬಾಯಿಮಾತು. ಪಹಣಿಯಲ್ಲಿ ನಿಮ್ಮ ಹೆಸರಿಲ್ಲ. ಹಾಗಾಗಿ ಎಕರೆಗೆ ಇಷ್ಟು ಅಂತ ಕೊಡುವ ಯಾವ ಹಣವೂ ನಿಮಗೆ ಬರುವುದಿಲ್ಲ, ಮಾಲೀಕರ ಖಾತೆಗೆ ಹೋಗುತ್ತದೆ. ಇನ್ನೂ ಮುಖ್ಯವಾದದ್ದು, ಬಹಳ ಕಡೆ ಲೀಸಿನ ಹಣ ಗೊತ್ತಾಗುವುದೇ ನೆಲ್ಲಿನ ಚೀಲದ ಲೆಕ್ಕದಲ್ಲಿ. ಎಕರೆಗೆ ಇಷ್ಟು ಚೀಲ ಅಂತ. ಹಾಗಿದ್ದ ಮೇಲೆ ಲೀಸಿನ ರೈತ ಜೋಳ ಹೇಗೆ ಹಾಕುತ್ತಾನೆ? ಭೂಮಿಯ ಮಾಲೀಕರ ಹಕ್ಕಿಗೆ ಧಕ್ಕೆ ಬಾರದ ಹಾಗೆ, ಒಂದೊಂದು ಹಂಗಾಮಿಗೆ ಬೇಸಾಯ ಮಾಡುವವರ ಹೆಸರು ದಾಖಲು ಮಾಡುವ ಸರಳ ಕಾನೂನು ಬರಬೇಕು. ಮಾಲೀಕರಿಗೆ ಭೂಮಿ ಹೋಗುವ ಭಯ ಇರಬಾರದು, ಮಾಡುವವನಿಗೆ ಬೆಂಬಲ ಬೆಲೆ, ವಿಮೆ, ಸಾಲ ಸಿಗಬೇಕು. ಹವಾಮಾನದ ಸಭೆಗಳಲ್ಲಿ ಈ ಮಾತು ಬರುವುದೇ ಅಪರೂಪ. ನನ್ನ ಮಟ್ಟಿಗೆ ಅತಿ ದೊಡ್ಡ ಅಡ್ಡಿಗಳಲ್ಲಿ ಇದೂ ಒಂದು.

ಇನ್ನು ನೀರು. ನೆಲ್ಲು ಪೂರ್ತಿ ಬಿಡಬೇಕು ಅಂತ ನಾನು ಹೇಳುವುದಿಲ್ಲ. ತಗ್ಗಿನ ಕಪ್ಪು ನೆಲದಲ್ಲಿ, ಈಗಾಗಲೇ ನೀರು ನಿಂತು ಜವಳು ಹಿಡಿದ ಜಾಗದಲ್ಲಿ ಬೇರೆ ಬೆಳೆ ನಿಲ್ಲುವುದೂ ಕಷ್ಟ. ಆದರೆ ನೆಲ್ಲು ಬೆಳೆಯುವ ರೀತಿ ಬದಲಾಗಬಹುದು. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಮಣ್ಣಿಗೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಹಳೆಯ ಹುಲ್ಲು, ಬೇರು ಕೊಳೆಸಿ ಮೀಥೇನ್ ಅನಿಲ ಮಾಡುತ್ತವೆ. ಅದು ಪೈರಿನ ಕಾಂಡದ ಒಳಗಿನಿಂದಲೇ ಮೇಲೆ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುವ ಅನಿಲ ಇದು. ನಡುನಡುವೆ ಗದ್ದೆ ಆರಿದರೆ ಮಣ್ಣಿಗೆ ಗಾಳಿ ಸಿಗುತ್ತದೆ, ಮೀಥೇನ್ ಇಳಿಯುತ್ತದೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಬೆಳೆಸಿದ ‘ತೋಯಿಸಿ-ಆರಿಸುವ’ ಕ್ರಮದಲ್ಲಿ ಮೀಥೇನ್ 30ರಿಂದ 50 ಶೇಕಡಾ ಇಳಿಯುತ್ತದೆ, ನೀರು 30 ಶೇಕಡಾದವರೆಗೆ ಉಳಿತಾಯವಾಗುತ್ತದೆ. ಇಳುವರಿ ಕಡಿಮೆಯಾಗುವುದಿಲ್ಲ.

ಮಾಡುವುದು ಸುಲಭ. ಒಂದು ಅಡಿ ಉದ್ದದ, ಸುತ್ತ ತೂತು ಕೊರೆದ ಪ್ಲಾಸ್ಟಿಕ್ ಪೈಪನ್ನು ಗದ್ದೆಯಲ್ಲಿ ಅರ್ಧ ಹೂಳಬೇಕು. ಒಳಗಿನ ಮಣ್ಣು ತೆಗೆಯಬೇಕು. ನಾಟಿಯಾಗಿ ಎರಡು ವಾರದ ಮೇಲೆ, ಪೈಪಿನೊಳಗೆ ನೀರು ನೆಲದ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ 5 ಸೆಂ.ಮೀ. ನೀರು ನಿಲ್ಲಿಸಬೇಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ, ಒಂದು ವಾರ ಹಿಂದೆ ಒಂದು ವಾರ ಮುಂದೆ, ನೀರು ಆರಲು ಬಿಡಬಾರದು. ಜವಳು ನೆಲ ಆಗಿದ್ದರೆ 15 ಸೆಂ.ಮೀ.ವರೆಗೆ ಕಾಯಬೇಡಿ. ಅಷ್ಟು ಆರಿದರೆ ಉಪ್ಪು ಮೇಲೆ ಬರುತ್ತದೆ.

ಇಷ್ಟು ಸುಲಭ ಇದ್ದರೆ ಯಾರೂ ಯಾಕೆ ಮಾಡುತ್ತಿಲ್ಲ? ಇಲ್ಲೇ ನೀತಿ ಬರುವುದು. ಗದ್ದೆ ಆರಿಸಬೇಕು ಅಂದರೆ ಮುಂದಿನ ನೀರು ಯಾವಾಗ ಬರುತ್ತದೆ ಅಂತ ರೈತನಿಗೆ ಖಚಿತ ಇರಬೇಕು. ಕೊನೆ ಭಾಗದ ನಿಮಗೆ ಆ ಖಾತ್ರಿ ಇದೆಯೇ? ಇಲ್ಲ. ಕಾಲುವೆಯ ಮೈಲ್ 104ರಲ್ಲಿ ನೀರಿನ ಮಟ್ಟ ಅಳೆಯುವ ಗೇಜ್‌ನಲ್ಲಿ ನೀರು ಎಷ್ಟು ಅಡಿ ಅಂತ ಕೇಳಿಕೊಂಡು ಕೂರುವವರು ನೀವು. ನೀರು ಬಂದ ದಿನ ತುಂಬಿಸಿಕೊಳ್ಳದೆ ಹೋದರೆ ನಾಳೆ ಗತಿ ಏನು? ಹಾಗಾಗಿ ಬಂದಾಗ ಬದು ತುಂಬಾ ನಿಲ್ಲಿಸುತ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಪೈಪ್ ಹಂಚುವ ಮೊದಲು ತೂಬಿನ ವೇಳಾಪಟ್ಟಿ ಹಂಚಬೇಕು. ಯಾವ ವಿತರಣಾ ಕಾಲುವೆಗೆ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ನೀರು ಅಂತ ಹಂಗಾಮಿನ ಮೊದಲೇ ಬರೆದು ಕೊಡಬೇಕು. ಕೊಟ್ಟ ಮೇಲೆ ತಪ್ಪಬಾರದು. ಪ್ರತಿ ಗೇಜಿನ ಮಟ್ಟ ದಿನಾ ಬೆಳಿಗ್ಗೆ ಎಲ್ಲರ ಮೊಬೈಲಿಗೆ ಬರಬೇಕು. ತಲೆ ಭಾಗದಲ್ಲಿ ಕಾಲುವೆಗೆ ಪೈಪ್, ಮೋಟಾರ್ ಇಟ್ಟು ಎಳೆಯುವುದನ್ನು ತಡೆಯಲು 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ಆಗಿದೆ. ಆದರೆ ರಾತ್ರಿ ಕಾಲುವೆ ಮೇಲೆ ನಿಲ್ಲಬೇಕಾದವರು ಗ್ಯಾಂಗ್‌ಮನ್‌ಗಳು. ಅವರಿಗೆ ಸರಿಯಾಗಿ ಸಂಬಳ ಕೊಡದೆ, ರಕ್ಷಣೆ ಕೊಡದೆ ಕಾಯ್ದೆ ನಡೆಯುವುದಿಲ್ಲ.

ನೀರನ್ನು ಎಕರೆ ಲೆಕ್ಕದಲ್ಲಿ ಕೊಡುವ ಬದಲು ಅಳತೆ ಮಾಡಿ ಸಂಘಕ್ಕೆ ಕೊಡುವುದು ಇನ್ನೊಂದು ದಾರಿ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ವಾಘಾಡ್ ಯೋಜನೆಯಲ್ಲಿ ನೀರು ಬಳಕೆದಾರರ ಸಂಘಗಳು ಹಾಗೇ ತೆಗೆದುಕೊಳ್ಳುತ್ತವೆ. ಇಷ್ಟು ನೀರು ನಿಮ್ಮದು, ಯಾವ ಬೆಳೆ ಅನ್ನುವುದು ನಿಮಗೆ ಬಿಟ್ಟದ್ದು. ಉಳಿಸಿದವನಿಗೆ ಲಾಭ ಕಾಣುತ್ತದೆ. ನಮ್ಮಲ್ಲೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಬಹಳಷ್ಟು ಹೆಸರಿಗೆ ಮಾತ್ರ ಇವೆ. ಅವುಗಳಿಗೆ ಅಳತೆಯ ನೀರು ಕೈಗೆ ಬಂದ ದಿನ ಜೀವ ಬರುತ್ತದೆ.

ನಿಮ್ಮ ಭಾಗದವರು ಇನ್ನೊಂದನ್ನು ತಾವಾಗಿಯೇ ಕಂಡುಕೊಂಡಿದ್ದೀರಿ. ನೀರು ತಡ ಅಂತ ಮಾನ್ವಿ, ಸಿರವಾರ ಕಡೆ ಕೂರಿಗೆಯಲ್ಲಿ ನೆಲ್ಲು ಬಿತ್ತುವುದು ಶುರುವಾಯಿತು. ರಾಯಚೂರು ಕೃಷಿ ವಿಶ್ವವಿದ್ಯಾಲಯವೂ ಅದಕ್ಕೆ ಬೆನ್ನು ತಟ್ಟಿತು. ಸಸಿಮಡಿ ಇಲ್ಲ, ಕೆಸರು ಮಾಡುವುದಿಲ್ಲ, ನಾಟಿ ಕೂಲಿ ಇಲ್ಲ. ಕಳೆಯೊಂದೇ ದೊಡ್ಡ ತಲೆನೋವು. ನೀತಿ ಮಾಡುವವರು ಹೊಸದನ್ನು ಹುಡುಕುವ ಮೊದಲು ಇದಕ್ಕೆ ಬೀಜ, ಕೂರಿಗೆ ಬಾಡಿಗೆ, ಕಳೆ ನಿರ್ವಹಣೆಯ ಸಲಹೆ ಸಮಯಕ್ಕೆ ಕೊಟ್ಟರೆ ಸಾಕು. ತಳಿಯ ವಿಷಯದಲ್ಲೂ ಅಷ್ಟೇ. ಸೋನಾ ಮಸೂರಿ 145 ದಿನದ ಮೇಲೆ ತೆಗೆದುಕೊಳ್ಳುತ್ತದೆ. ಆರ್‌ಎನ್‌ಆರ್ 125 ದಿನಕ್ಕೆ ಬರುತ್ತದೆ. ಆ ಇಪ್ಪತ್ತು ದಿನದ ನೀರು ಕಾಲುವೆಯಲ್ಲೇ ಉಳಿಯುತ್ತದೆ.

ಗೊಬ್ಬರದ ಮಾತನ್ನು ಕೊನೆಗೆ ಇಟ್ಟಿದ್ದೇನೆ. ಯೂರಿಯಾ 45 ಕೆಜಿ ಚೀಲ 266 ರೂಪಾಯಿ 50 ಪೈಸೆ. ಡಿಎಪಿ 50 ಕೆಜಿ 1,350 ರೂಪಾಯಿ. 2010ರಲ್ಲಿ ಕೇಂದ್ರ ಸರ್ಕಾರ ಪೋಷಕಾಂಶದ ಲೆಕ್ಕದಲ್ಲಿ ಸಬ್ಸಿಡಿ ಕೊಡುವ ಪದ್ಧತಿ ತಂದಾಗ ಯೂರಿಯಾವನ್ನು ಹೊರಗಿಟ್ಟಿತು. ಉಳಿದದ್ದು ದುಬಾರಿಯಾಯಿತು, ಯೂರಿಯಾ ಅಗ್ಗವಾಗೇ ಉಳಿಯಿತು. ರೈತನ ಕೈ ಅಗ್ಗದ ಚೀಲಕ್ಕೆ ಹೋಗುವುದು ಸಹಜ. ಒಂದು ಚೀಲದಲ್ಲಿ ಸಾರಜನಕ 20 ಕೆಜಿ ಚಿಲ್ಲರೆ. ನೀರಾವರಿ ನೆಲ್ಲಿಗೆ ಎಕರೆಗೆ 60 ಕೆಜಿ ಸಾರಜನಕ ಸಾಕು. ಅಂದರೆ ಮೂರು ಚೀಲದ ಹತ್ತಿರ. ಐದು, ಆರು ಚೀಲ ಹಾಕಿದ ಗದ್ದೆಗಳನ್ನು ನಾನು ನೋಡಿದ್ದೇನೆ. ಕಪ್ಪು ಹಸಿರಾಗಿ ಚೆನ್ನಾಗಿ ಕಾಣುತ್ತದೆ. ಆಮೇಲೆ ಕಂದು ಜಿಗಿಹುಳು ಬರುತ್ತದೆ, ಬೆಂಕಿ ರೋಗ ಬರುತ್ತದೆ, ಗಾಳಿಗೆ ಪೈರು ಮಲಗುತ್ತದೆ. ಉಳಿದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಅದು ಮೀಥೇನ್‌ಗಿಂತಲೂ ಬಹಳ ಕೆಟ್ಟದ್ದು. ಗದ್ದೆ ಆರಿಸುವವರು ಯೂರಿಯಾ ಜಾಸ್ತಿ ಹಾಕಿದರೆ ಮೀಥೇನ್ ಉಳಿಸಿದ್ದರಲ್ಲಿ ಒಂದಿಷ್ಟು ಈ ದಾರಿಯಲ್ಲಿ ಕಳೆದುಹೋಗುತ್ತದೆ. ಎರಡೂ ಒಟ್ಟಿಗೇ ಸರಿಯಾಗಬೇಕು.

ನನ್ನ ಅಭಿಪ್ರಾಯದಲ್ಲಿ ಯೂರಿಯಾ ಸಬ್ಸಿಡಿಯ ಹಣವನ್ನು ನಿಧಾನವಾಗಿ, ಐದಾರು ವರ್ಷದಲ್ಲಿ, ಎಕರೆ ಲೆಕ್ಕಕ್ಕೆ ತಿರುಗಿಸಿ ರೈತನ ಖಾತೆಗೇ ಹಾಕಬೇಕು. ಆ ದುಡ್ಡಲ್ಲಿ ಅವನು ಯೂರಿಯಾ ಕೊಳ್ಳಲಿ, ಕೊಟ್ಟಿಗೆ ಗೊಬ್ಬರ ಕೊಳ್ಳಲಿ, ಹಸಿರೆಲೆಗೆ ಸೆಣಬು, ಡಯಂಚ ಬೀಜ ಕೊಳ್ಳಲಿ. ಆದರೆ ಇದನ್ನು ಮೊದಲು ಮಾಡಬಾರದು, ಒಮ್ಮೆಲೇ ಮಾಡಬಾರದು. ಶ್ರೀಲಂಕಾದಲ್ಲಿ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರವನ್ನು ರಾತ್ರೋರಾತ್ರಿ ನಿಲ್ಲಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ವಾಪಸ್ ತೆಗೆದುಕೊಂಡರು. ನಡುವೆ ಸೋತದ್ದು ಅಲ್ಲಿನ ನೆಲ್ಲಿನ ರೈತರು. ಪಂಜಾಬಿನಲ್ಲಿ ಅಂತರ್ಜಲ ಉಳಿಸಲು 2009ರಲ್ಲಿ ನಾಟಿಯ ತಾರೀಕು ಮುಂದೆ ಹಾಕುವ ಕಾನೂನು ತಂದರು. ಕೊಯ್ಲು ತಡವಾಗಿ, ಗೋಧಿ ಬಿತ್ತನೆಗೆ ಸಮಯ ಸಾಲದೆ ಹುಲ್ಲು ಸುಡುವುದು ಇನ್ನೂ ಹೆಚ್ಚಿತು. ಒಂದು ಎಳೆ ಹಿಡಿದು ಎಳೆದರೆ ಇನ್ನೊಂದು ಕಡೆ ಗಂಟು ಬೀಳುತ್ತದೆ. ಸರದಿ ಮುಖ್ಯ ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಮಣ್ಣು ಆರೋಗ್ಯ ಚೀಟಿಯ ಬಗ್ಗೆ ಒಂದು ಮಾತು. 2015ರಲ್ಲಿ ಬಂದ ಒಳ್ಳೆಯ ಯೋಜನೆ. ಆದರೆ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ಅಂತ ನಿಯಮ. ನಿಮ್ಮ ಚೀಟಿಯಲ್ಲಿರುವುದು ಪಕ್ಕದವರ ಹೊಲದ ಮಣ್ಣು ಇರಬಹುದು. ಸವಳು-ಜವಳಿನ ನಮ್ಮ ನೆಲದಲ್ಲಿ ಒಂದು ಬದು ದಾಟಿದರೆ ಮಣ್ಣು ಬೇರೆ. ನಿಮ್ಮ ಹೊಲದ ಮಣ್ಣನ್ನು ನೀವೇ ಗಂಗಾವತಿ ಅಥವಾ ರಾಯಚೂರಿಗೆ ಕೊಂಡುಹೋಗಿ ಪರೀಕ್ಷೆ ಮಾಡಿಸಿ.

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ರೈತರ ಕಥೆಯೇ ಬೇರೆ. ಅವರಿಗೆ ಕೃಷಿ ಹೊಂಡ, ಬದು, ಅಕ್ಕಡಿ ಸಾಲು ಮುಖ್ಯ. ಅಲ್ಲಿ ನನಗೆ ಕಾಣುವ ನೀತಿಯ ದೋಷ ಒಂದು: ವಿಮೆಯೂ ಬೆಳೆ ಸಮೀಕ್ಷೆಯೂ ಒಂದು ಹೊಲಕ್ಕೆ ಒಂದೇ ಬೆಳೆ ಅನ್ನುವ ಹಾಗೆ ಯೋಚಿಸುತ್ತವೆ. ಸಜ್ಜೆಯ ಜೊತೆ ತೊಗರಿ, ಹೆಸರು, ಗುರೆಳ್ಳು ಹಾಕಿದವನ ಜಾಣತನಕ್ಕೆ ಅಲ್ಲಿ ಸರಿಯಾದ ಬೆಲೆ ಇಲ್ಲ. ಮಳೆ ಕೈಕೊಟ್ಟಾಗ ಒಂದಾದರೂ ಕೈಹಿಡಿಯಲಿ ಅಂತ ನಮ್ಮ ಹಿರಿಯರು ಮಾಡಿಕೊಂಡ ವಿಮೆ ಅದು. ಸರ್ಕಾರಿ ವಿಮೆ ಅದರ ಜೊತೆ ನಿಲ್ಲಬೇಕು.

ನೀವು ಏನು ಮಾಡಬಹುದು ಅಂತ ಕೇಳಿದ್ದೀರಿ. ಬೆಳೆ ಸಮೀಕ್ಷೆ ನಡೆಯುವಾಗ ನಿಮ್ಮ 5 ಎಕರೆಯಲ್ಲಿ ಏನಿದೆ ಅಂತ ಸರಿಯಾಗಿ ದಾಖಲಾಗಿದೆಯೇ ನೋಡಿ. ಫ್ರೂಟ್ಸ್ ಐಡಿಯಲ್ಲಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆಯಲ್ಲಿ, ಎಲ್ಲಾ ಸರ್ವೆ ನಂಬರ್ ಸೇರಿವೆಯೇ ನೋಡಿ. ಬೆಂಬಲ ಬೆಲೆಯ ನೋಂದಣಿ ನಿಲ್ಲುವುದು ಅದರ ಮೇಲೆ. ಯಾರಾದರೂ ಕಾರ್ಬನ್ ಕ್ರೆಡಿಟ್ ಅಂತ, ಅಂದರೆ ಮೀಥೇನ್‌ನಂಥ ಅನಿಲ ಕಡಿಮೆ ಮಾಡಿದ್ದಕ್ಕೆ ದುಡ್ಡು ಕೊಡಿಸುತ್ತೇವೆ ಅಂತ ಬಂದು ಸಹಿ ಕೇಳಿದರೆ, ಕರಾರು ಕನ್ನಡದಲ್ಲಿ ಇಲ್ಲದೆ, ಎಷ್ಟು ವರ್ಷ, ಎಕರೆಗೆ ಎಷ್ಟು ದುಡ್ಡು, ಯಾವಾಗ ಅಂತ ಬರೆಯದೆ ಸಹಿ ಹಾಕಬೇಡಿ.

ಒಮ್ಮೆಲೇ 9 ಎಕರೆ ಬದಲಿಸಬೇಡಿ. ಸ್ವಂತದ 5ರಲ್ಲಿ ಒಂದು ಎಕರೆ ಕೂರಿಗೆ ನೆಲ್ಲು, ಒಂದು ಎಕರೆಯಲ್ಲಿ ಪೈಪ್. ಹಿಂಗಾರಿಗೆ ಒಂದು ಎಕರೆ ಜೋಳ, ಮನೆ ರೊಟ್ಟಿಗೂ ಆಗುತ್ತದೆ, ದನಕ್ಕೆ ಸೊಪ್ಪೆಯೂ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಅಪಾಯವನ್ನು ನೀವೊಬ್ಬರೇ ಹೊರುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಮುಖ್ಯ, ನೀರಾವರಿ ಸಲಹಾ ಸಮಿತಿಯ ಸಭೆ. ಐಸಿಸಿ ಅಂತೀವಲ್ಲ, ಅದೇ. ಮುಂಗಾರಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ ಸೇರುತ್ತದೆ. ನಮ್ಮವರು ಸಭೆ ಮುಗಿದು ನೀರು ಇಲ್ಲ ಅಂದ ಮೇಲೆ ರಸ್ತೆಗೆ ಬರುತ್ತಾರೆ. ಸಭೆಗೆ ಹದಿನೈದು ದಿನ ಮುಂಚೆ ಹೋಗಬೇಕು. ನಿಮ್ಮ ವಿತರಣಾ ಕಾಲುವೆಯ ನೂರು ಜನ ಸಹಿ ಮಾಡಿದ ಒಂದು ಹಾಳೆಯ ಮನವಿ ಸಾಕು. ತಾರೀಕು ಹಾಕಿದ ನೀರಿನ ಪಟ್ಟಿ ಬೇಕು. ಗೇಜಿನ ಮಟ್ಟ ದಿನಾ ತಿಳಿಸಬೇಕು. ಕಡಿಮೆ ನೀರಿನ ಲಘು ಬೆಳೆ ಹಾಕಿ ಅನ್ನುವುದಾದರೆ, ಅದೇ ದಿನ ಖರೀದಿ ಕೇಂದ್ರದ ಊರು ಮತ್ತು ತಾರೀಕು ಪ್ರಕಟಿಸಬೇಕು. ಈ ಮೂರೇ ಕೇಳಿ. ಶಾಸಕರಿಗೆ, ಜಿಲ್ಲಾಧಿಕಾರಿಗೆ, ಮುನಿರಾಬಾದ್‌ನ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಪೈಪ್ ಹಾಕಿದ ಗದ್ದೆಗೆ ಎಷ್ಟು ಸಲ ನೀರು ಬಿಟ್ಟಿರಿ, ಪಕ್ಕದ ಗದ್ದೆಗೆ ಎಷ್ಟು ಸಲ, ತೂಬಿಗೆ ಯಾವ ದಿನ ನೀರು ಬಂತು, ಯಾವ ದಿನ ಬರಲಿಲ್ಲ ಅಂತ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಸಮೇತ ಬರೆದಿಡಿ. ಒಂದು ಹಂಗಾಮು ಬರೆದರೆ ಸಾಕು. ಆ ಪುಟಗಳ ಜೆರಾಕ್ಸ್ ಮನವಿಯ ಹಿಂದೆ ಲಗತ್ತಿಸಿ. ನನಗೂ ಒಂದು ಪ್ರತಿ ಕಳಿಸಿ. ನಿಮ್ಮ ಜೊತೆ ಆ ಕಚೇರಿಗೆ ಬರಲು ನಾನು ಸಿದ್ಧ.